ಪಾತ್ರೆ ಮಲಗಿಸುವ ಬೀದಿ

ಒಲೆ ಹೊತ್ತಿಸುವುದು ಒಂದು ಕೆಲಸ, ಅದು ಎಲ್ಲರಿಗೂ ಗೊತ್ತು. ಯಾರ ಮನೆಯಲ್ಲಿ ಒಲೆ ಎಷ್ಟು ಸಲ ಹೊತ್ತಿತು ಎಂದು ಎಣಿಸುವುದೂ ಒಂದು ಉದ್ಯೋಗ, ಅದಕ್ಕೊಂದು ಕಂಪನಿ, ಕುತ್ತಿಗೆಗೆ ತೂಗುಹಾಕಿಕೊಳ್ಳಲು ಫೋಟೊ ಇರುವ ಒಂದು ಕಾರ್ಡು ಕೂಡ ಇರುತ್ತದೆ ಎಂದು ಅಳಿಯ ಹೇಳಿದಾಗ, ಹಾಸಿಗೆ ಹೊಲಿಯುವ ಅತ್ತೆ ಸೂಜಿಯನ್ನು ಅರ್ಧಕ್ಕೇ ನಿಲ್ಲಿಸಿ ಅವನ ಮುಖ ನೋಡಿದರು.

"ಎಣಿಸಿ?"

"ಎಣಿಸಿ ಕಳಿಸ್ತೀನಿ ಅತ್ತೆ."

"ಎಲ್ಲಿಗೆ?"

"ಮೇಲಕ್ಕೆ."

ಅತ್ತೆ ಒಮ್ಮೆ ಛಾವಣಿಯ ಕಡೆ ನೋಡಿದರು. ಅಲ್ಲಿ ಜೇಡರ ಬಲೆಗೆ ಹತ್ತಿಯ ಎಳೆ ಸಿಕ್ಕಿಕೊಂಡು ತೂಗುತ್ತಿತ್ತು. ಮತ್ತೆ ಸೂಜಿ ಎಳೆದರು.

ಕೆಲಸ ಇಷ್ಟೇ. ಲೋಕದ ಇನ್ನೊಂದು ತುದಿಯ ಕಂಪನಿಯೊಂದು ಈ ಬೀದಿಗೆ ಮೂವತ್ತೆರಡು ಹೊಸ ಒಲೆಗಳನ್ನು ಬಿಟ್ಟಿಯಾಗಿ ಕೊಟ್ಟಿತ್ತು. ಹಳೆಯ ಒಲೆ ತಿನ್ನುತ್ತಿದ್ದ ಸೌದೆಯಲ್ಲಿ ಅರ್ಧ ತಿಂದು ಅಷ್ಟೇ ಅಡುಗೆ ಬೇಯಿಸುವ ಒಲೆ. ಅದರಲ್ಲಿ ಮೋಸವಿರಲಿಲ್ಲ. ಒಲೆಯ ಹೊಟ್ಟೆಯಡಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಕಪ್ಪು ಯಂತ್ರ. ಒಲೆ ಬಿಸಿಯಾಗಿ ತಣ್ಣಗಾದರೆ ಆ ಗುಂಡಿ ತನ್ನೊಳಗೇ 'ಒಂದು' ಎಂದುಕೊಳ್ಳುತ್ತದೆ. ಮಂಗಳವಾರ ಮಂಗಳವಾರ ಅಳಿಯ ಮನೆಮನೆಗೆ ಹೋಗಿ, ಮಂಡಿಯೂರಿ, ಫೋನನ್ನು ಗುಂಡಿಯ ಹತ್ತಿರ ಹಿಡಿದರೆ ಅದು 'ಟುಂಯ್' ಎಂದು ವಾರದ ಎಣಿಕೆ ಒಪ್ಪಿಸುತ್ತದೆ. ಒಂದು ಸಲ ಹೊತ್ತಿದರೆ ಇಷ್ಟು ಸೌದೆ ಉಳಿಯಿತು, ಇಷ್ಟು ಹೊಗೆ ತಪ್ಪಿತು ಎಂದು ಕಂಪನಿ ಗುಣಿಸುತ್ತದೆ. ಹಾಗೆ ತಪ್ಪಿದ ಹೊಗೆಯನ್ನು ಒಂದು ವಿಮಾನದ ಕಂಪನಿಗೆ ಮಾರುತ್ತದೆ. ವಿಮಾನದವರು ಅದನ್ನು ಕೊಂಡು, ತಮ್ಮ ಹೊಗೆಯನ್ನು ನಿಶ್ಚಿಂತೆಯಿಂದ ಬಿಡುತ್ತಾರೆ. ಲೋಕ ಬಿಸಿಯಾಗುವುದು ಹೀಗೆ ನಿಲ್ಲುತ್ತದಂತೆ.

"ಅಂದ್ರೆ, ನಾವು ಬಿಡದೆ ಇರೋ ಹೊಗೇನ ಅವರು ಬಿಡ್ತಾರೆ," ಅಂದರು ಅತ್ತೆ.

"ಹಾಗಲ್ಲ ಅತ್ತೆ."

"ಮತ್ತೆ ಹೇಗೆ?"

ಹೇಗೆ ಎಂದು ತರಬೇತಿಯಲ್ಲಿ ಎರಡು ದಿನ ಹೇಳಿಕೊಟ್ಟಿದ್ದರು. ಅಲ್ಲಿ ಚೆನ್ನಾಗಿ ಅರ್ಥವಾಗಿದ್ದದ್ದು ಅತ್ತೆಯ ಎದುರು ಕೂತಾಗ ಅರ್ಥವಾಗದೆ ಹೋಯಿತು. ಅಷ್ಟರಲ್ಲಿ ಅವನಿಗೆ ಸೀನು ಬಂತು. ಹತ್ತಿಯ ಧೂಳು ಮೂಗಿಗೆ ಹೋದರೆ ಅವನು ಏಳು ಸಲ ಸೀನುತ್ತಾನೆ, ಆರಕ್ಕೆ ನಿಂತದ್ದಿಲ್ಲ. ಇಂಥವನು ಹಾಸಿಗೆ ಅಂಗಡಿಯ ಮಗಳನ್ನೇ ಮದುವೆಯಾಗಿ, ಅಂಗಡಿಯ ಮಾಳಿಗೆಯ ಕೋಣೆಯಲ್ಲೇ ಸಂಸಾರ ಹೂಡಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಸೀನಿನ ಮಾತ್ರೆ ತಂದುಕೊಡುತ್ತಿದ್ದಳು. "ಪ್ರೀತಿ ಕುರುಡು ಅಂತಾರೆ, ನಮ್ಮಿಬ್ಬರದ್ದು ಮೂಗಿಲ್ಲದ್ದು," ಎಂದು ಅವಳು ನಗುತ್ತಿದ್ದಳು.

ಅಳಿಯನ ಕೈಗುಣವೋ ಕಾಲ್ಗುಣವೋ, ಅವನು ಸೇರಿದ ಅಂಗಡಿ ಮುಚ್ಚುತ್ತಿತ್ತು. ಮೊದಲು ಫಿಲಂ ತೊಳೆಯುವ ಸ್ಟುಡಿಯೊ. ಅವನು ಕತ್ತಲ ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಲೋಕ ಫಿಲಂ ಬಿಟ್ಟಿತ್ತು. ಆಮೇಲೆ ಫೋನ್ ಬೂತು, ಅದರ ಕಥೆ ಹೇಳಬೇಕಾಗಿಲ್ಲ. ಆಮೇಲೆ ತಗಡಿನ ಟ್ರಂಕು ಮಾಡುವ ಕಾರ್ಖಾನೆ. ಅಲ್ಲಿ ಅವನು ತಗಡು ಕೂಡಿಸುವ ರಿವೆಟ್ ಮೊಳೆ ಹೊಡೆಯುವುದರಲ್ಲಿ ಪಳಗಿದ. ಪಳಗಿದ ವಾರವೇ ಜನ ಚಕ್ರವಿರುವ ಪೆಟ್ಟಿಗೆ ಎಳೆದುಕೊಂಡು ಓಡಾಡತೊಡಗಿದರು. ಮದುವೆಯಲ್ಲಿ ಯಾರೋ ಹಿರಿಯರು "ಹುಡುಗ ಏನು ಮಾಡ್ತಾನೆ?" ಎಂದು ಕೇಳಿದ್ದರು. ಪಕ್ಕದಲ್ಲಿದ್ದವರು "ಅಂಗಡಿ ಮುಚ್ಚಿಸ್ತಾನೆ" ಎಂದಿದ್ದರು. ಇಡೀ ಪಂಕ್ತಿಯೇ ನಕ್ಕಿತ್ತು. ಮದುಮಗ ತಾನೂ ನಕ್ಕ, ಆದರೆ ಆ ನಗು ಅವನ ಗಂಟಲಲ್ಲಿ ಇವತ್ತಿಗೂ ಮೀನಿನ ಮುಳ್ಳಿನ ಹಾಗೆ ಕೂತಿದೆ. ಕೆಲಸ ಏನು ಎಂದು ಕೇಳಿದರೆ ಹೇಳಬೇಕು, ಕೇಳಿದವರು ನಗಬಾರದು. ಅವನ ಆಸೆ ಇಷ್ಟೇ. ಒಲೆ ಕಂಪನಿಯಲ್ಲಿ ಆರು ತಿಂಗಳು ಸರಿಯಾಗಿ ಕಳೆದರೆ ಕಾಯಂ ಪತ್ರ ಕೊಡುತ್ತೇವೆ ಎಂದಿದ್ದರು. ನಾಲ್ಕು ಕಳೆದಿತ್ತು.

ಷರತ್ತು ಒಂದೇ. ಪ್ರತಿ ಒಲೆ ದಿನಕ್ಕೆ ಎರಡು ಸಲವಾದರೂ ಹೊತ್ತಬೇಕು. ಕಡಿಮೆಯಾದರೆ ಆ ಒಲೆ 'ನಿಷ್ಕ್ರಿಯ'. ಬೀದಿಯಲ್ಲಿ ಕಾಲುಭಾಗ ಒಲೆಗಳು ನಿಷ್ಕ್ರಿಯವಾದರೆ ಎಣಿಸುವವನೂ ನಿಷ್ಕ್ರಿಯ.

ಐದನೆಯ ತಿಂಗಳ ಮೊದಲ ಮಂಗಳವಾರ ಹನ್ನೊಂದು ಒಲೆಗಳು ನಿಷ್ಕ್ರಿಯವಾಗಿದ್ದವು.

ಗುಂಡಿ ಕೆಟ್ಟಿರಬೇಕು ಎಂದು ಅಳಿಯ ಬದಲಾಯಿಸಿ ನೋಡಿದ. ಮುಂದಿನ ಮಂಗಳವಾರ ಹದಿನಾರು. ದಿನಕ್ಕೆ ಒಂದೇ ಸಲ, ಅದೂ ಬೆಳಿಗ್ಗೆ ಒಂದಿಷ್ಟು ಹೊತ್ತು. ಹಾಗಾದರೆ ಜನ ಉಪವಾಸ ಇದ್ದಾರೆಯೇ? ಯಾರ ಮುಖದಲ್ಲೂ ಹಾಗೆ ಕಾಣಲಿಲ್ಲ. ಅವನ ಸಂಕಟ ನೋಡಿ ಹೆಂಡತಿ ತುಟಿ ಕಚ್ಚಿಕೊಂಡು, "ಅಮ್ಮನನ್ನ ಕೇಳಿ," ಎಂದಳು. ಒಲೆಯ ವಿಷಯ ಅಮ್ಮನಿಗೇನು ಗೊತ್ತು ಎಂದುಕೊಂಡು ಅವನು ಕೇಳಲಿಲ್ಲ.

ಬೀದಿಯ ಬಾಯಲ್ಲಿರುವ ಮನೆಯಲ್ಲಿ ರಿಟೈರಾದ ಬಸ್ ಕಂಡಕ್ಟರ್ ಒಬ್ಬರೇ ಇರುತ್ತಿದ್ದರು. ಮೂವತ್ತನಾಲ್ಕು ವರ್ಷ ನಿಂತೇ ದುಡಿದದ್ದರಿಂದ ಈಗಲೂ ಕೂತು ಮಾತಾಡಲು ಅವರಿಗೆ ಬರುತ್ತಿರಲಿಲ್ಲ. ಕಂಬದಂಥದ್ದು ಏನಾದರೂ ಹಿಡಿದುಕೊಂಡೇ ಮಾತಾಡುತ್ತಿದ್ದರು. ಅಳಿಯ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿಗೆ ಹೋದ. ಒಲೆ ತಣ್ಣಗಿತ್ತು. ಬೂದಿಯೂ ತಣ್ಣಗಿತ್ತು.

"ಊಟ ಆಯ್ತಾ ಸಾರ್?" ಎಂದು ಜೋರಾಗಿ ಕೇಳಿದ.

"ಶ್!" ಕಂಡಕ್ಟರ್ ಬಾಗಿಲಿನ ಚೌಕಟ್ಟು ಹಿಡಿದು ಪಿಸುಗುಟ್ಟಿದರು. "ಮೆತ್ತಗೆ. ಪಾತ್ರೆ ಮಲಗಿದೆ."

"ಏನು ಮಲಗಿದೆ?"

"ಕಾಳು. ಎಂಟೂವರೆಗೆ ಹತ್ತಿಸಿದ್ದು, ಒಂದೂವರೆಗೆ ಇಳಿಯುತ್ತೆ. ಮಧ್ಯೆ ಸ್ಟಾಪಿಲ್ಲ."

ಮೂಲೆಯಲ್ಲೊಂದು ಮರದ ಪೆಟ್ಟಿಗೆ ಇತ್ತು, ಮೇಲೆ ದಪ್ಪ ಮೆತ್ತೆಯ ಮುಚ್ಚಳ. ಕಂಡಕ್ಟರ್ ಮಗುವಿನ ಹೊದಿಕೆ ಸರಿಸುವಂತೆ ಮೆತ್ತೆಯ ಒಂದು ತುದಿ ಎತ್ತಿದರು. ಹಬೆ ಬಂತು. ಒಳಗೆ ಸುತ್ತಲೂ ಹತ್ತಿ ತುಂಬಿದ ಗೂಡು, ಗೂಡಿನಲ್ಲಿ ಮುಚ್ಚಳ ಹಾಕಿದ ಪಾತ್ರೆ. ಬೆಳಿಗ್ಗೆ ಹತ್ತು ನಿಮಿಷ ಕುದಿಸಿ ಒಳಗಿಟ್ಟರೆ ಆಯಿತಂತೆ. ಹೋಗಬೇಕೆಂದ ಬಿಸಿಗೆ ದಾರಿ ಸಿಗುವುದಿಲ್ಲ, ಕೂತಲ್ಲೇ ಕೂತು ಕೆಲಸ ಮುಗಿಸುತ್ತದೆ.

ಅಳಿಯ ಹಬೆ ನೋಡಲಿಲ್ಲ. ಮೆತ್ತೆಯ ಅಂಚು ನೋಡಿದ. ನೀಲಿ ಪಟ್ಟೆಯ ದಪ್ಪ ಬಟ್ಟೆ. ಮೂಲೆಯಲ್ಲಿ ಎರಡು ಸಲ ಮಡಚಿ, ಮೂರನೆಯ ಸಲ ಒಳಕ್ಕೆ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ಹಾಕಿದ ಗಂಟು. ಹಾಗೆ ಮೂಲೆ ಮಡಚುವವರು ಈ ಊರಲ್ಲಿ ಒಬ್ಬರೇ. ಅವರ ಮಗಳ ಜೊತೆ ಅವನು ಸಂಸಾರ ಮಾಡುತ್ತಿದ್ದ.

"ಇದು ಎಲ್ಲಿಂದ ಬಂತು ಸಾರ್?"

"ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ," ಕಂಡಕ್ಟರ್ ನಕ್ಕರು. "ನಿಮ್ಮನೇಲಿ ಇರೋದು ಇದರ ಅಣ್ಣ. ನೀವು ದಿನಾ ಅದರ ಮೇಲೇ ಕೂತಿರ್ತೀರಿ."

ಅಳಿಯನಿಗೆ ನೆನಪಾಯಿತು. ಅಂಗಡಿಯ ಕಿಟಕಿಯ ಕೆಳಗೊಂದು ಪೆಟ್ಟಿಗೆ ಇದೆ, ಮೇಲೆ ಮೆತ್ತೆ. ಪ್ರತಿ ಮಂಗಳವಾರ ಬೀದಿ ಸುತ್ತಿ ಬಂದು, ಅದರ ಮೇಲೆ ಕೂತು, ಎಣಿಕೆಯನ್ನು ಮೇಲಕ್ಕೆ ಕಳಿಸುತ್ತಿದ್ದ. ಕೂತರೆ ಹಿತವಾಗಿ ಬೆಚ್ಚಗಿರುತ್ತಿತ್ತು. ಕಿಟಕಿಯ ಬಿಸಿಲಿಗೆ ಕಾದಿದೆ ಎಂದುಕೊಂಡಿದ್ದ. ಮೋಡ ಕವಿದ ದಿನವೂ ಬೆಚ್ಚಗಿತ್ತಲ್ಲ ಎಂದು ಈಗ ಹೊಳೆಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇವನು ಕೂಸಿನ ಮೇಲೇ ಕೂತು ಹುಡುಕಿದ್ದ.

ಅತ್ತೆ ಮುಚ್ಚಿಟ್ಟಿದ್ದೇನಲ್ಲ, ಇವನು ಕೇಳಿರಲಿಲ್ಲ ಅಷ್ಟೆ. ಹತ್ತಿ ಹಿಂಜಲು ಕೂತರೆ ಅರ್ಧ ದಿನ ಏಳುವಂತಿಲ್ಲ, ಒಲೆಯ ಮೇಲಿಟ್ಟದ್ದು ಸೀದುಹೋಗುತ್ತದೆ. ಅದಕ್ಕೆ ಅವರ ತಾಯಿ ಮಾಡಿಕೊಂಡ ಉಪಾಯ ಇದು. ಮಲಗಿ ಮಲಗಿ ಗಂಟುಕಟ್ಟಿದ ಮುದಿ ಹತ್ತಿ ಮತ್ತೆ ಹಾಸಿಗೆಗೆ ಬರುವುದಿಲ್ಲ. ಮನುಷ್ಯರ ಭಾರ ಹೊರಲಾಗದ ಆ ಹತ್ತಿ ಪಾತ್ರೆಯ ಬಿಸಿಯನ್ನು ಮಾತ್ರ ಚೆನ್ನಾಗಿ ಹೊರುತ್ತದೆ. ಜನ ಸ್ಪಂಜಿನ ಹಾಸಿಗೆಗೆ ಹೋದ ಮೇಲೆ ಅಂಗಡಿಯಲ್ಲಿ ಅಂಥ ಹತ್ತಿಯೇ ತುಂಬಿತ್ತು. ಹೋದ ತಿಂಗಳು ಪಕ್ಕದ ಮನೆಯ ಟೈಲರಮ್ಮ ಒಂದು ಕೇಳಿದರು, ಎದುರು ಮನೆಯವರು ನೋಡಿದರು, ಹಾಗೇ ಬೀದಿಗೆ ಹಬ್ಬಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದವನು ಹಾಸಿಗೆ ಹೊಲಿಯೋನಲ್ಲ," ಎನ್ನುತ್ತಿದ್ದರು ಅತ್ತೆ. "ನಮ್ಮ ಹತ್ರ ಬಂದಿದ್ರೆ ಉದ್ದ ಹೊಲಿದು ಕೊಡ್ತಿದ್ವಿ." ಪೆಟ್ಟಿಗೆಯೂ ಹಾಗೇ, ಯಾರ ಪಾತ್ರೆಗೆ ಎಷ್ಟು ಬೇಕೋ ಅಷ್ಟು.

ಅಳಿಯ ಅಂಗಡಿಗೆ ಬಂದು ಮೊದಲ ಸಲ ಆ ಪೆಟ್ಟಿಗೆಯ ಮೇಲೆ ಕೂರದೆ ನಿಂತ.

"ಅತ್ತೆ, ನಿಮ್ಮಿಂದ ನನ್ನ ಕೆಲಸ ಹೋಗುತ್ತೆ."

"ನಾನೇನು ಮಾಡ್ದೆ?"

"ಒಲೆ ಹಚ್ಚೋದನ್ನೇ ನಿಲ್ಲಿಸಿದ್ರಲ್ಲ!"

"ನಿಲ್ಲಿಸಿಲ್ಲವಲ್ಲ. ಬೆಳಿಗ್ಗೆ ಒಂದ್ಸಲ ಹಚ್ಚಿದ್ರೆ ಸಾಕಾಗುತ್ತೆ. ಇರು, ನಿಮ್ಮ ಕಂಪನಿಗೆ ಬೇಕಾಗಿರೋದು ಹೊಗೆ ಕಡಿಮೆಯಾಗೋದು ತಾನೆ?"

"ಹೌದು."

"ಒಲೇನೇ ಹಚ್ಚದಿದ್ರೆ ಹೊಗೆ ಎಲ್ಲಿಂದ ಬರುತ್ತೆ?"

"ಹಚ್ಚಿದ್ರೆ ತಾನೇ ಅತ್ತೆ ಕಡಿಮೆಯಾಗೋದು!"

ಹೇಳಿದ ಮಾತು ಕಿವಿಗೆ ಬಿದ್ದ ಮೇಲೆ ಅಳಿಯನಿಗೇ ಏನೋ ಇರಿಸುಮುರಿಸಾಯಿತು. ಅತ್ತೆ ಸೂಜಿಗೆ ದಾರ ಪೋಣಿಸುತ್ತ, ತುಂಬ ಮರ್ಯಾದೆಯಿಂದ ಕೇಳಿದರು. ಅವರು ಬಹುವಚನಕ್ಕೆ ಇಳಿದರೆ ಹುಷಾರಾಗಿರಬೇಕು ಎಂದು ಹೆಂಡತಿ ಮದುವೆಯ ದಿನವೇ ಹೇಳಿದ್ದಳು. "ಅಳಿಯಂದಿರೆ, ಇಲ್ಲಿ ಒಲೆ ಎಣಿಸೋಕೆ ತಾವಿದ್ದೀರಿ. ಅಲ್ಲಿ ವಿಮಾನ ಎಣಿಸೋರು ಯಾರು?"

ಏಳು ಸೀನು. ಆಮೇಲೆ ಅವನು ಸೂಪರ್‌ವೈಸರಿಗೆ ಫೋನ್ ಮಾಡಿ, ಹೀಗೊಂದು ಪೆಟ್ಟಿಗೆ ಇದೆ, ಇದರಿಂದ ಸೌದೆ ಇನ್ನೂ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಬಹುದಲ್ಲ ಎಂದು ಕೇಳಿದ. ಸೂಪರ್‌ವೈಸರ್ ಸಮಾಧಾನವಾಗಿಯೇ ಕೇಳಿಸಿಕೊಂಡು, "ಪೆಟ್ಟಿಗೆಗೆ ಗುಂಡಿ ಇದೆಯಾ?" ಅಂದ. ಇಲ್ಲ. "ಹಾಗಾದ್ರೆ ಪೆಟ್ಟಿಗೆ ಇಲ್ಲ." ಇನ್ನೆರಡು ವಾರದಲ್ಲಿ ಎಣಿಕೆ ಏರದಿದ್ದರೆ ಒಲೆಗಳೂ ವಾಪಸು, ಕಾರ್ಡೂ ವಾಪಸು.

ಅಳಿಯ ಕಾರ್ಡನ್ನು ಕುತ್ತಿಗೆಯಿಂದ ತೆಗೆದು, ಅದರ ಫೋಟೊವನ್ನು ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಮಾಳಿಗೆ ಹತ್ತಿದ. ಅತ್ತೆ ಅದನ್ನು ನೋಡಿದರು. ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹೋಗಿ ಬಂದರು.

ಮುಂದಿನ ಮಂಗಳವಾರ ಒಂದು ಒಲೆಯೂ ನಿಷ್ಕ್ರಿಯವಿರಲಿಲ್ಲ. ದಿನಕ್ಕೆ ಎರಡು, ಮೂರು, ಕೆಲವು ಮನೆಗಳಲ್ಲಿ ನಾಲ್ಕು. ಗುಂಡಿಗಳು ಟುಂಯ್ ಟುಂಯ್ ಎಂದು ಒಪ್ಪಿಸುತ್ತಿದ್ದರೆ ಅಳಿಯನಿಗೆ ಸಂಗೀತ ಕಚೇರಿಯಲ್ಲಿ ಕೂತಂತೆ. ಅದರ ಮುಂದಿನ ಮಂಗಳವಾರ ಕಂಡಕ್ಟರ್ ಒಬ್ಬರದ್ದೇ ದಿನಕ್ಕೆ ಆರು. ಒಬ್ಬ ಮುದುಕ ದಿನಕ್ಕೆ ಆರು ಸಲ ಏನು ಬೇಯಿಸುತ್ತಾನೆ ಎಂದು ಕೇಳಬೇಕಾಗಿತ್ತು. ಕೇಳಿದರೆ ಉತ್ತರ ಬರುತ್ತದೆ ಎಂಬ ಭಯಕ್ಕೆ ಕೇಳಲಿಲ್ಲ.

ಆದರೆ ಕಣ್ಣು ಮುಚ್ಚಿಕೊಂಡರೂ ಮೂಗು ಇದೆಯಲ್ಲ. ಬೀದಿಯಲ್ಲಿ ಹೊಗೆ ತುಂಬಿತ್ತು. ತಿಂಗಳಿಂದ ಸೌದೆ ಡಿಪೋದಲ್ಲಿ ನೊಣ ಹೊಡೆಯುತ್ತಿದ್ದವನು ಈಗ ಗಾಡಿ ತಳ್ಳಿಕೊಂಡು ದಿನಕ್ಕೆ ಎರಡು ಸಲ ಬಂದು, ಅಳಿಯನನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಮನೆಮನೆಯ ಎದುರೂ ಬಕೆಟ್ಟುಗಳಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ಬಿಸಿನೀರಲ್ಲಿ ಬಟ್ಟೆ ಒಗೆದರು, ಮೆಟ್ಟಿಲು ತೊಳೆದರು, ಸೈಕಲ್ಲು ತೊಳೆದರು. ಬೀದಿಯ ನಾಯಿಗೆ ಮೂರು ಮನೆಯವರು ಒಂದೇ ದಿನ ಸ್ನಾನ ಮಾಡಿಸಿದ್ದರಿಂದ ಅದು ಊರು ಬಿಟ್ಟು ಹೋಗಿತ್ತು.

ಅಡುಗೆ? ಅಡುಗೆ ಪೆಟ್ಟಿಗೆಯಲ್ಲೇ ಮಲಗಿತ್ತು.

ಅಂದು ಮಧ್ಯಾಹ್ನ ಅಳಿಯ ಮನೆಗೆ ಬಂದರೆ ಅಂಗಡಿಯ ತುಂಬ ಸುಟ್ಟ ಲೋಹದ ವಾಸನೆ. ಅತ್ತೆ ನೆಲದ ಮೇಲೆ ಕೂತು, ಒಂದು ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ತಾಯಿಯ ಕಾಲದ್ದು, ದಪ್ಪ ಅಲ್ಯೂಮಿನಿಯಂ, ಪೆಟ್ಟಿಗೆಯ ಗೂಡು ಅದರದೇ ಅಳತೆಗೆ ಹೊಲಿದದ್ದು. ಬರೀ ನೀರಿಟ್ಟು ಒಲೆ ಹಚ್ಚಿ, ಹತ್ತಿ ಹಿಂಜಲು ಕೂತು ಮರೆತುಬಿಟ್ಟಿದ್ದರು. ನೀರು ಇಂಗಿ, ತಳ ಕರಗಿ, ನಡುವೆ ರೂಪಾಯಿಯಷ್ಟಗಲ ತೂತು ಬಿದ್ದಿತ್ತು. ತೂತಿನಿಂದ ಬಂದ ಬೆಳಕು ಅವರ ಕೆನ್ನೆಯ ಮೇಲೆ ಬಿದ್ದಿತ್ತು.

"ಐವತ್ತು ವರ್ಷ ಒಂದ್ಸಲಾನೂ ಸೀದಿರಲಿಲ್ಲ," ಅಂದರು. ದೂರುವ ದನಿಯಲ್ಲ, ಬೇರೆ ಯಾರದೋ ವಿಷಯ ಹೇಳುವ ಹಾಗೆ. ಆಮೇಲೆ ಅವನ ಮುಖ ನೋಡಿ ತಕ್ಷಣ, "ಹೋಗ್ಲಿ ಬಿಡು, ನಂದು ಇವತ್ತು ಐದು ಆಯ್ತು. ಈಗ ಬೇಕಾದ್ರೆ ಎಣಿಸ್ಕೊ," ಎಂದರು.

ಅವನು ಎಣಿಸಿಕೊಳ್ಳಲಿಲ್ಲ. ಮಾಳಿಗೆಗೂ ಹೋಗಲಿಲ್ಲ. ಅಲ್ಲೇ ಬಾಗಿಲ ಹತ್ತಿರ ಕೂತ, ಸೀನಿದ.

ಅಷ್ಟರಲ್ಲಿ ಫೋನ್ ಬಂತು. ಸೂಪರ್‌ವೈಸರ್ ಹಿಗ್ಗಿನಲ್ಲಿ ಉಬ್ಬಿಹೋಗಿದ್ದ. ಇಡೀ ಯೋಜನೆಯಲ್ಲಿ ಇಷ್ಟು ಚೆನ್ನಾಗಿ ಒಲೆ ಹಚ್ಚುವ ಬೀದಿ ಇನ್ನೊಂದಿಲ್ಲವಂತೆ. ಮುಖ್ಯ ಕಚೇರಿಯಿಂದ ದೊಡ್ಡ ಮೇಡಂ ಬರುತ್ತಾರೆ. ಫೋಟೊ ತೆಗೆಯುತ್ತಾರೆ. ಕಾಯಂ ಪತ್ರವನ್ನು ಆರು ತಿಂಗಳು ತುಂಬುವ ಮೊದಲೇ, ಅವರ ಕೈಯಿಂದಲೇ ಕೊಡಿಸುತ್ತಾರಂತೆ.

ಅಳಿಯ ಫೋನಿಟ್ಟು ಸಂಗತಿ ಹೇಳಿದಾಗ ಅತ್ತೆಯ ಮುಖ ಅರಳಿತು. ಪಾತ್ರೆಯನ್ನು ಬೋರಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ನೋಡಿದ್ಯಾ! ಒಳ್ಳೆ ಅಂಗಿ ಇದೆಯಾ? ಆ ನೀಲಿದು ಬೇಡ, ಕಾಲರ್ ಸವೆದಿದೆ," ಅಂದರು.

ಮೇಡಂ ಬಂದದ್ದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಸಣ್ಣ ಆಳು, ದಪ್ಪ ಕನ್ನಡಕ, ಕಾಲಿಗೆ ನಡೆಯಲು ಬರುವಂಥ ಚಪ್ಪಲಿ. ದರ್ಪದವರಲ್ಲ. ಅದೇ ತೊಂದರೆಯಾಯಿತು, ದರ್ಪದವರಾಗಿದ್ದರೆ ಸುಳ್ಳು ಹೇಳುವುದು ಸುಲಭವಿರುತ್ತಿತ್ತು. ಅವರನ್ನು ಮೆಚ್ಚಿಸಲು ಬೀದಿಯವರು ಮೂವತ್ತೆರಡು ಒಲೆಗಳನ್ನೂ ಒಟ್ಟಿಗೇ ಹೊತ್ತಿಸಿದ್ದರು. ಮೇಡಂ ಬೀದಿಯ ಬಾಯಲ್ಲಿ ಕಾರಿಳಿದು ಎರಡು ನಿಮಿಷ ಕೆಮ್ಮಿದರು.

ಮೊದಲು ಕಂಡಕ್ಟರ್ ಮನೆ. "ಒಳಗೆ ಬನ್ನಿ ಮೇಡಂ, ಮುಂದೆ ಬನ್ನಿ, ಒಳಗಡೆ ಜಾಗ ಇದೆ."

"ಏನು ಅಡುಗೆ ಮಾಡ್ತಿದ್ದೀರಿ?"

ಕಂಡಕ್ಟರ್ ಸುಳ್ಳು ಹೇಳುವ ತಯಾರಿ ಮಾಡಿಕೊಂಡಿರಲಿಲ್ಲ. ಮುಚ್ಚಳ ತೆಗೆದು ಒಳಗೆ ಇಣುಕಿ, ತಾವೇ ಮೊದಲ ಸಲ ನೋಡುವವರಂತೆ, "ನೀರು," ಎಂದರು.

ಟೈಲರಮ್ಮನ ಮನೆಯಲ್ಲೂ ನೀರು. "ಸ್ನಾನಕ್ಕೆ," ಎಂದರು ಟೈಲರಮ್ಮ. ಅವರ ಕೂದಲು ಆಗಲೇ ಒದ್ದೆಯಿತ್ತು. "ಎರಡನೇ ಸ್ನಾನಕ್ಕೆ."

ಮೂರನೆಯ ಮನೆ, ನೀರು. ನಾಲ್ಕನೆಯದು, ನೀರು. ಮೇಡಂ ಕನ್ನಡಕ ತೆಗೆದು ಹಬೆ ಒರೆಸಿಕೊಂಡರು. ಅಳಿಯ ಅವರ ಹಿಂದೆ ಕಾಯಂ ಪತ್ರದ ಲಕೋಟೆಯನ್ನೇ ನೋಡುತ್ತ ನಡೆದ. ಅದು ಅವರ ಚೀಲದಿಂದ ನಾಲ್ಕು ಬೆರಳಿನಷ್ಟು ಹೊರಗೆ ಇಣುಕುತ್ತಿತ್ತು, ಅವನ ಹೆಸರಿನ ಮೊದಲ ಎರಡು ಅಕ್ಷರ ಕಾಣುತ್ತಿತ್ತು.

ಕೊನೆಗೆ ಹಾಸಿಗೆ ಅಂಗಡಿ. ಅತ್ತೆ ಹತ್ತಿಯನ್ನೆಲ್ಲ ಒತ್ತರಿಸಿ, ನೆಲ ಗುಡಿಸಿ, ಒಲೆ ಹಚ್ಚಿದ್ದರು. ಒಲೆಯ ಮೇಲೆ ಏನೂ ಇರಲಿಲ್ಲ. ಪಾತ್ರೆಗೆ ತೂತು. ಇನ್ನೊಂದು ಪಾತ್ರೆ ಪೆಟ್ಟಿಗೆಯೊಳಗೆ ಮಲಗಿತ್ತು. ಬೆಂಕಿ ಮಾತ್ರ ಚೆನ್ನಾಗಿ, ಯಾರ ಹಂಗೂ ಇಲ್ಲದೆ ಉರಿಯುತ್ತಿತ್ತು.

ಮೇಡಂ ಬೆಂಕಿ ನೋಡಿದರು. "ಇದರ ಮೇಲೆ ಏನೂ ಇಲ್ಲವಲ್ಲ ಅಮ್ಮಾ?"

ಅತ್ತೆ ಅಳಿಯನ ಕಡೆ ನೋಡಿದರು. ಬೆಳ್ಳನೆಯ ಅಂಗಿ, ಇಸ್ತ್ರಿ ಮಾಡಿದ ಕಾಲರ್, ಒರೆಸಿ ಹೊಳೆಯಿಸಿದ ಕಾರ್ಡು. ಎಪ್ಪತ್ತರ ಹತ್ತಿರದ, ಬದುಕಿಡೀ ಒಂದು ಹೊಲಿಗೆಯನ್ನೂ ಅಡ್ಡ ಹಾಕದ ಅತ್ತೆ, ಗಂಟಲು ಸರಿಮಾಡಿಕೊಂಡರು.

"ಒಲೆಗೆ ಚಳಿಯಾಗಬಾರದು ಅಂತ," ಎಂದರು.

ಬಾಗಿಲಲ್ಲಿ ನೆರೆದಿದ್ದ ಬೀದಿ ಉಸಿರು ಹಿಡಿಯಿತು. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ಕೆಟ್ಟದಾಗಿ ಬರುವುದಿಲ್ಲ ಎಂದು ಗೊತ್ತಿರಲಿಲ್ಲ. ಅಳಿಯನಿಗೆ ಮಾತ್ರ ಆ ಸುಳ್ಳು ಬೇರೆ ಯಾರೂ ಕೇಳದಷ್ಟು ದೊಡ್ಡದಾಗಿ ಕೇಳಿಸಿತು. ಬೋರಲು ಬಿದ್ದಿದ್ದ ಪಾತ್ರೆಯ ತೂತಿನ ಕಡೆ ಕಣ್ಣು ಹೋಯಿತು.

"ಮೇಡಂ," ಅಂದ. "ಈ ಎಣಿಕೆ ಎಲ್ಲಾ ಸುಳ್ಳು. ಗುಂಡಿ ಸರಿಯಾಗೇ ಎಣಿಸಿದೆ, ನಾನೂ ಸರಿಯಾಗೇ ಕಳಿಸಿದ್ದೀನಿ. ಆದ್ರೆ ಇವರು ಒಲೆ ಹಚ್ಚಿದ್ದು ಅಡುಗೆಗಲ್ಲ. ನನಗೆ."

"ಲೇ, ಸುಮ್ನಿರೋ," ಅತ್ತೆ ಪಿಸುಗುಟ್ಟಿದರು.

ಅವನು ಸುಮ್ಮನಿರಲಿಲ್ಲ. ಕಿಟಕಿಯ ಕೆಳಗಿನ ಪೆಟ್ಟಿಗೆಯ ಹತ್ತಿರ ಹೋಗಿ ಮೆತ್ತೆ ಎತ್ತಿದ, ಹಬೆ ಬಂತು. ಎಂಟೂವರೆಗೆ ಇಟ್ಟದ್ದು, ಬೆಂಕಿ ಹತ್ತೇ ನಿಮಿಷ ಎಂದ. ಬೀದಿಯಲ್ಲಿ ಇಂಥವು ಇಪ್ಪತ್ತಾರು ಇವೆ, ಇವು ಬಂದ ಮೇಲೆ ಡಿಪೋದವನು ನೊಣ ಹೊಡೆಯುತ್ತಿದ್ದ, ತನ್ನ ಎಣಿಕೆ ಏರಿದ ಮೇಲೆ ಟೋಪಿ ತೆಗೆಯುತ್ತಿದ್ದಾನೆ ಎಂದ. ಇಷ್ಟನ್ನೂ ಒಂದೂ ಸೀನಿಲ್ಲದೆ ಹೇಳಿದ. ಆಮೇಲೆ ಒಟ್ಟಿಗೆ ಏಳು ಬಂದವು.

ಸೀನು ಮುಗಿಯುವವರೆಗೆ ಮೇಡಂ ಕಾದರು. ಅತ್ತೆ, ಬಂದವರನ್ನು ಬರಿಹೊಟ್ಟೆಯಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ ಎಂದು, ಒಂದು ಬಟ್ಟಲಿಗೆ ಬಡಿಸಿ ಕೈಗಿಟ್ಟರು. ಮೇಡಂ ಒಂದು ಚಮಚ ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡು, ಗಡಿಯಾರ ನೋಡಿದರು. ಪೂರ್ತಿ ತಿಂದರು. ಆಮೇಲೆ ನಿಧಾನವಾಗಿ ಹೇಳಿದರು, "ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಹಚ್ಚದೆ ಇರೋ ಒಲೇನ ಬರಿಯೋಕೆ ನನ್ನ ಫಾರಂನಲ್ಲಿ ಕಾಲಂ ಇಲ್ಲ. ಆಗದೆ ಇರೋದನ್ನ ನಾನು ಹೇಗೆ ಮಾರಲಿ?"

"ಮೇಡಂ, ಇಲ್ಲಿವರೆಗೂ ಮಾರ್ತಿದ್ದದ್ದೂ ಆಗದೆ ಇರೋ ಹೊಗೇನೇ ಅಲ್ವಾ?" ಎಂದ ಅಳಿಯ.

ಮೇಡಂ ಮುಖದಲ್ಲಿ ನಗು ಬಂದು, ಕೆಲಸ ನೆನಪಾಗಿ ಹಿಂದಕ್ಕೆ ಹೋಯಿತು. ಬಟ್ಟಲನ್ನು ತಾವೇ ತೊಳೆದಿಟ್ಟರು. ಬಿಸಿನೀರಿಗೇನು ಕೊರತೆ. ಹೊರಡುವಾಗ ಲಕೋಟೆಯನ್ನು ಚೀಲದ ಒಳಕ್ಕೆ, ಕಾಣದ ಹಾಗೆ ತಳ್ಳಿದರು. ಅಳಿಯ ಕಾರ್ಡು ತೆಗೆದು ಕೊಟ್ಟ. ಮೇಡಂ ಅದರಿಂದ ಫೋಟೊ ಮಾತ್ರ ಬಿಡಿಸಿ, "ಇದು ನಿಮ್ಮದು," ಎಂದು ವಾಪಸು ಕೊಟ್ಟರು.

ಕಾರು ಬೀದಿ ದಾಟಿದ ಮೇಲೆ ಕಂಡಕ್ಟರ್, "ರೈಟ್, ರೈಟ್," ಎಂದರು. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಹೋಗಿ ಒಲೆಗೆ ನೀರು ಚಿಮುಕಿಸಿದರು.

ಮುಂದಿನ ಮಂಗಳವಾರ ಬೇರೊಬ್ಬ ಬಂದು ಗುಂಡಿಗಳನ್ನು ಬಿಚ್ಚಿಕೊಂಡು ಹೋದ. ಒಲೆಗಳನ್ನು ಹೊತ್ತೊಯ್ಯಲು ಲಾರಿ ಬರುತ್ತದೆ ಎಂದ. ಲಾರಿ ಸುಡುವ ಡೀಸೆಲ್ಲಿನ ಹೊಗೆಗೂ ಕಂಪನಿಯ ಫಾರಂನಲ್ಲಿ ಕಾಲಂ ಇತ್ತೋ ಏನೋ, ಅದು ಬರಲೇ ಇಲ್ಲ. ಒಲೆಗಳು ಉಳಿದವು, ಬೆಳಿಗ್ಗೆ ಒಂದು ಸಲ ಹೊತ್ತಿ, ಉಳಿದ ಹೊತ್ತು ಯಾರಿಗೂ ಲೆಕ್ಕ ಕೊಡದೆ ಸುಮ್ಮನಿರುತ್ತಿದ್ದವು. ನಾಯಿ ವಾಪಸು ಬಂತು.

ಅಳಿಯ ಮೂರು ದಿನ ಮಾಳಿಗೆಯಿಂದ ಇಳಿಯಲಿಲ್ಲ. ಹೆಂಡತಿ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮೂರನೆಯ ಸಂಜೆ ಕೆಲಸದಿಂದ ಬಂದವಳು ಅವನ ಹಳೆಯ ಟ್ರಂಕು ಎಳೆದು, ರಿವೆಟ್ ಸುತ್ತಿಗೆ ತೆಗೆದು, ಹಾಸಿಗೆಯ ಮೇಲಿಟ್ಟಳು. ಪಕ್ಕದಲ್ಲಿ ತೂತಿನ ಪಾತ್ರೆ.

"ಅಮ್ಮ ದಿನಾ ಅದನ್ನ ತೊಳೆದು ಕವುಚಿ ಹಾಕ್ತಾಳೆ," ಅಂದಳು. "ತೂತಿರೋ ಪಾತ್ರೇನ ಯಾಕೆ ತೊಳೀತೀಯ ಅಂದ್ರೆ ಉತ್ತರ ಇಲ್ಲ."

ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಳಗಿಳಿದ. ಅದೇ ಲೋಹದ ಒಂದು ಬಿಲ್ಲೆ ಕತ್ತರಿಸಿ, ತಳಕ್ಕೆ ಕೂರಿಸಿ, ಸುತ್ತ ಹನ್ನೆರಡು ರಿವೆಟ್ ಹೊಡೆದ. ಹೊಡೆತದ ಸದ್ದಿಗೆ ಅಕ್ಕಪಕ್ಕದವರು ಇಣುಕಿದರು. ಪಾತ್ರೆ ಮೊದಲೆರಡು ದಿನ ಬೆವರಿತು, ಆಮೇಲೆ ಗಂಜಿ ಕುಡಿದು, ಸಂದು ಮುಚ್ಚಿಕೊಂಡು ಸರಿಹೋಯಿತು. ಅತ್ತೆ ತಳವನ್ನು ಬೆರಳಿನಿಂದ ಸವರಿ, ರಿವೆಟ್ ಎಣಿಸಿ, "ಹೊಲಿಗೆ ನೇರ ಇದೆ," ಎಂದರು. ಅವರ ಬಾಯಿಂದ ಅಂಥ ಮಾತು ಮಗಳಿಗೂ ಇನ್ನೂ ಸಿಕ್ಕಿರಲಿಲ್ಲ.

ಸುತ್ತಿಗೆ ಕೈಗೆ ಬಂದ ಮೇಲೆ ಸುಮ್ಮನೆ ಕೂರುವುದು ಹೇಗೆ. ಮರದ ಪೆಟ್ಟಿಗೆ ಬೇಗ ಹುಳು ಹಿಡಿಯುತ್ತಿತ್ತು. ಜನ ಅಟ್ಟಕ್ಕೆಸೆದ ತಗಡಿನ ಟ್ರಂಕುಗಳನ್ನು ಇಳಿಸಿ, ಕತ್ತರಿಸಿ, ಪಾತ್ರೆಯ ಅಳತೆಗೆ ಅವನು ಪೆಟ್ಟಿಗೆ ಮಾಡಿದ. ಅತ್ತೆ ಒಳಗೆ ಹತ್ತಿ ತುಂಬಿ ಮೂಲೆ ಮಡಚಿದರು. ಒಂದು ದಿನ ಎರಡು ಬೀದಿಯಾಚೆಯಿಂದ ಒಬ್ಬ ಹೆಂಗಸು ದೊಡ್ಡ ಪಾತ್ರೆಯನ್ನು ಸೊಂಟದಲ್ಲಿಟ್ಟುಕೊಂಡು ಬಂದು, ಬೀದಿಯಲ್ಲಿ ನಿಂತಿದ್ದ ಕಂಡಕ್ಟರನ್ನು ಕೇಳಿದಳು.

"ಇಲ್ಲಿ ಪಾತ್ರೆ ಮಲಗಿಸೋರು ಯಾರು?"

"ಅವರೇ," ಕಂಡಕ್ಟರ್ ಕೈ ತೋರಿಸಿದರು. "ಮೂಗಿಗೆ ಬಟ್ಟೆ ಕಟ್ಟಿಕೊಂಡವರು. ಮೊದಲು ಅಂಗಡಿ ಮುಚ್ಚಿಸ್ತಿದ್ರು, ಈಗ ಮುಚ್ಚಳ ಮುಚ್ಚಿಸ್ತಾರೆ."

ಟೈಲರಮ್ಮ ನಕ್ಕರು. ಹೆಂಗಸು ನಕ್ಕಳು. ಒಳಗಿಂದ ಅತ್ತೆಯ ನಗು ಕೇಳಿಸಿತು, ಹತ್ತಿಯೊಳಗೆ ನಕ್ಕಂತೆ ಮೆತ್ತಗೆ. ಅಳಿಯ ಗಂಟಲಲ್ಲಿ ಮುಳ್ಳು ಹುಡುಕಿದ, ಸಿಗಲಿಲ್ಲ. ಬಟ್ಟೆಯೊಳಗೆ ತಾನೂ ನಕ್ಕ. ನಕ್ಕದ್ದಕ್ಕೆ ಹತ್ತಿ ಮೂಗಿಗೆ ಹೋಗಿ ಸೀನಿದ. ಅಳತೆ ತೆಗೆದುಕೊಳ್ಳಲು ಹೆಂಗಸಿನ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡು, ಕಿಟಕಿಯ ಕೆಳಗೆ, ಬೆಚ್ಚಗಿದ್ದಲ್ಲಿ ಕೂತ.

"ಅಳಿಯಂದಿರೆ," ಎಂದರು ಅತ್ತೆ. "ತಾವು ಸ್ವಲ್ಪ ಎದ್ದರೆ, ಪಾತ್ರೆ ಏಳಿಸಬಹುದು."

ಅವನು ಎದ್ದ. ಇನ್ನೂ ಎರಡು ಸೀನು ಬಾಕಿ ಇದ್ದವು.